ಲೀಫ್ ಸ್ಪ್ರಿಂಗ್ ಬಿಚ್ಚೋ ಮುಂಚೆ ಸ್ವಲ್ಪ ನಿಲ್ಲಿ

ಮಸಲ್ ಕಾರ್ ವಿಡಿಯೋ ನೋಡದೇ ಇರೋ ಮೆಕ್ಯಾನಿಕಲ್ ಸ್ಟೂಡೆಂಟ್ ನಮ್ಮ ಕ್ಯಾಂಪಸ್‌ನಲ್ಲಿ ಸಿಗೋದು ಕಷ್ಟ. ಯಾವ ಎಂಜಿನ್ ಎಷ್ಟು ಕ್ಯೂಬಿಕ್ ಇಂಚು, ಎಷ್ಟು ಹಾರ್ಸ್‌ಪವರ್ ಅಂತ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತಾರೆ. ಆದರೆ ಅಷ್ಟೂ ಪವರ್ ರಸ್ತೆಗೆ ಇಳಿಯೋದು ಹಿಂದಿನ ಎರಡು ಟೈರು ನೆಲ ಮುಟ್ಟುವ ಅಂಗೈಯಷ್ಟು ಜಾಗದಲ್ಲಿ. ಆ ಟೈರುಗಳನ್ನ ಅಲ್ಲಿ ಹಿಡಿದಿಡೋದು ಹಿಂದಿನ ಸಸ್ಪೆನ್ಷನ್. ಅದರ ಬಗ್ಗೆ ಕೇಳಿದ್ರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ಹಳೇ ಲೀಫ್ ಸ್ಪ್ರಿಂಗ್ ಬಿಸಾಕಿ, ಫೋರ್ ಲಿಂಕ್ ಹಾಕ್ಸಿ."

ಹೋದ ತಿಂಗಳು ನಮ್ಮ ಅಲುಮ್ನಿ ಗ್ರೂಪ್‌ನಲ್ಲಿ ಆಗಿದ್ದೂ ಇದೇ. ಮಿಶಿಗನ್‌ನಲ್ಲಿ ಕೆಲಸ ಮಾಡೋ ಸೀನಿಯರ್ ಒಬ್ಬರು 1968ರ ಷೆವರ್ಲೆ ಕಮಾರೋ ತಗೊಂಡು, ಹಿಂದಿನ ಸಸ್ಪೆನ್ಷನ್‌ಗೆ ಯಾವ ಕಿಟ್ ಹಾಕಿಸ್ಲಿ ಅಂತ ಕೇಳಿದ್ರು. ಉತ್ತರಗಳ ಮಳೆ ಸುರೀತು. ಬ್ರ್ಯಾಂಡ್ ಹೆಸರು ಬಂತು, ಲಿಂಕ್‌ಗಳು ಬಂದವು, ಫೋಟೋಗಳು ಬಂದವು. "ಸರ್, ಆ ಕಾರಲ್ಲಿ ನೀವು ಏನು ಮಾಡ್ತೀರ?" ಅಂತ ಒಬ್ಬರೂ ಕೇಳಲಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಆ ಕಾಲದ ಕಮಾರೋ ಇಟ್ಟುಕೊಂಡು ಭಾನುವಾರ ರಸ್ತೇಲಿ ಓಡಿಸೋ ಹೆಚ್ಚಿನವರಿಗೆ ಫೋರ್ ಲಿಂಕ್ ಬೇಕಾಗಿಲ್ಲ. ಒಳ್ಳೇ ಲೀಫ್ ಸ್ಪ್ರಿಂಗ್, ಒಳ್ಳೇ ಬುಷ್, ಒಳ್ಳೇ ಶಾಕ್ ಅಬ್ಸಾರ್ಬರ್ ಸಾಕು. ಕಾರಿನ ನೆಲ ಕತ್ತರಿಸೋ ಕಿಟ್ ಪಟ್ಟಿಯಲ್ಲಿ ಕೊನೆಗೆ ಬರಬೇಕು. ಯಾಕೆ ಅಂತ ವಿವರಿಸ್ತೀನಿ. ಒಪ್ಪದೇ ಇದ್ರೆ ಮುಂದಿನ ಸಂಚಿಕೆಗೆ ಬರೆದು ಜಗಳ ಆಡಿ.

ಒಂದು ಪ್ಲೇಟು, ಮೂರು ಕೆಲಸ

ಮೊದಲ ತಲೆಮಾರಿನ ಕಮಾರೋ ಅಂದ್ರೆ 1967, 68, 69ರ ಮಾಡೆಲ್‌ಗಳು. ಮುಂದಿನ ಅರ್ಧಕ್ಕೆ ಬೋಲ್ಟ್ ಹಾಕಿ ಕೂರಿಸಿದ ಸಬ್‌ಫ್ರೇಮ್. ಹಿಂದಿನ ಅರ್ಧದಲ್ಲಿ ಬಾಡಿಯೇ ಚಾಸಿ. ಹಿಂದೆ ಎರಡೂ ಚಕ್ರಗಳನ್ನ ಜೋಡಿಸೋ ಒಂದೇ ಗಟ್ಟಿ ಆಕ್ಸಲ್, ಅದರ ಎರಡೂ ಕಡೆ ಒಂದೊಂದು ಲೀಫ್ ಸ್ಪ್ರಿಂಗ್. ನಮ್ಮ ಲಾರಿಗಳ ಅಡಿ ಬಗ್ಗಿ ನೋಡಿದ್ರೆ ಕಾಣೋ ಬಿಲ್ಲಿನಂಥ ಪ್ಲೇಟುಗಳ ಚಿಕ್ಕ ತಮ್ಮ ಅಂದ್ಕೊಳ್ಳಿ.

ಈ ಸ್ಪ್ರಿಂಗ್ ಮೂರು ಕೆಲಸ ಒಟ್ಟಿಗೆ ಮಾಡುತ್ತೆ. ಒಂದು, ಕಾರಿನ ಭಾರ ಹೊರುತ್ತೆ. ಎರಡು, ಆಕ್ಸಲ್ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯದ ಹಾಗೆ ಹಿಡಿಯುತ್ತೆ. ಮೂರು, ಎಂಜಿನ್ ಚಕ್ರವನ್ನ ತಿರುಗಿಸಿದಾಗ ಆಕ್ಸಲ್ ಹೌಸಿಂಗ್ ಉಲ್ಟಾ ತಿರುಗೋಕೆ ನೋಡುತ್ತಲ್ಲ, ಅದನ್ನ ತಡೆಯುತ್ತೆ. ಈ ವ್ಯವಸ್ಥೆಗೆ ಹಾಚ್‌ಕಿಸ್ ಡ್ರೈವ್ ಅಂತ ಹೆಸರು, ಹಳೇ ಫ್ರೆಂಚ್ ಕಾರ್ ಕಂಪನಿಯಿಂದ ಬಂದದ್ದು. ಇವತ್ತು ಅಮೆರಿಕದಲ್ಲಿ ಸಸ್ಪೆನ್ಷನ್ ಸಾಮಾನು ಮಾರೋ ಹಾಚ್‌ಕಿಸ್ ಬೇರೆ, ಗೊಂದಲ ಮಾಡ್ಕೋಬೇಡಿ.

ಮೂರು ಕೆಲಸಕ್ಕೆ ಒಂದೇ ಬಿಡಿಭಾಗ ಅನ್ನೋದು ಡಿಸೈನ್ ದೃಷ್ಟಿಯಿಂದ ಜಾಣತನ. ಅದೇ ಅದರ ದೌರ್ಬಲ್ಯವೂ ಹೌದು. ಸವಾರಿ ಮೆತ್ತಗಿರಲಿ ಅಂತ ಸ್ಪ್ರಿಂಗನ್ನ ಮೆತ್ತಗೆ ಮಾಡಿದ್ರೆ ಮೂರನೇ ಕೆಲಸ ಕೆಡುತ್ತೆ. ತಿರುಚು ತಡೆಯೋಕೆ ಗಟ್ಟಿ ಮಾಡಿದ್ರೆ ಸೊಂಟ ನೋವು ಗ್ಯಾರಂಟಿ. ಮಾರುಕಟ್ಟೆಯಲ್ಲಿರೋ ಕಿಟ್‌ಗಳೆಲ್ಲ ಈ ಮೂರು ಕೆಲಸಗಳನ್ನ ಬೇರೆ ಬೇರೆ ಮಾಡೋ ಪ್ರಯತ್ನಗಳೇ. ಇಷ್ಟು ಗೊತ್ತಾದ್ರೆ ಕ್ಯಾಟಲಾಗ್ ಓದೋದು ಸುಲಭ.

ಹಿಂದಿನ ಚಕ್ರ ಯಾಕೆ ಕುಣಿಯುತ್ತೆ?

1967ರ ಕಮಾರೋಗಳೆಲ್ಲಕ್ಕೂ ಒಂದೇ ಪ್ಲೇಟಿನ ಸ್ಪ್ರಿಂಗ್ ಇತ್ತು. ಸಣ್ಣ ಎಂಜಿನ್‌ಗೆ ತೊಂದರೆ ಇರಲಿಲ್ಲ. ದೊಡ್ಡ ಎಂಜಿನ್ ಹಾಕಿ ಕ್ಲಚ್ ಬಿಟ್ಟಾಗ ಹಿಂದಿನ ಚಕ್ರಗಳು ಕುಪ್ಪಳಿಸೋಕೆ ಶುರು. ಇದಕ್ಕೆ ವೀಲ್ ಹಾಪ್ ಅಂತಾರೆ.

ಒಂದು ಲೆಕ್ಕ ಹಾಕೋಣ. 396 ಕ್ಯೂಬಿಕ್ ಇಂಚಿನ ಎಲ್78 ಎಂಜಿನ್‌ಗೆ ಕಂಪನಿ ಹೇಳಿದ ಟಾರ್ಕ್ 415 ಪೌಂಡ್-ಅಡಿ, ಅಂದರೆ ಸುಮಾರು 563 ನ್ಯೂಟನ್ ಮೀಟರ್. ಫಸ್ಟ್ ಗೇರ್ 2.20, ಹಿಂದಿನ ಆಕ್ಸಲ್ ಅನುಪಾತ 3.73 ಅಂತಿಟ್ಟುಕೊಂಡು ಗುಣಿಸಿದ್ರೆ ಆಕ್ಸಲ್‌ಗೆ ಸುಮಾರು 4,600 ನ್ಯೂಟನ್ ಮೀಟರ್ ಬರುತ್ತೆ. ಅಷ್ಟನ್ನೂ ತಡೆಯೋ ಶಕ್ತಿ ಟೈರಿಗಿಲ್ಲ. ಕಾರು 1,600 ಕೆಜಿ, ಹೊರಡುವಾಗ ಭಾರ ಹಿಂದಕ್ಕೆ ವಾಲಿ ಹಿಂದಿನ ಟೈರುಗಳ ಮೇಲೆ 870 ಕೆಜಿ, ಘರ್ಷಣೆಯ ಗುಣಾಂಕ 0.9, ಟೈರಿನ ತ್ರಿಜ್ಯ 0.33 ಮೀಟರ್ ಅಂದ್ಕೊಳ್ಳಿ. ಟೈರ್ ಹಿಡಿಯಬಲ್ಲದ್ದು ಸುಮಾರು 2,500 ನ್ಯೂಟನ್ ಮೀಟರ್ ಮಾತ್ರ. ಅದಕ್ಕಿಂತ ಹೆಚ್ಚಾದ್ರೆ ಟೈರ್ ಜಾರುತ್ತೆ.

ಆ 2,500 ಅನ್ನೋದು ಚಿಕ್ಕ ಸಂಖ್ಯೆ ಅಲ್ಲ. ಎರಡು ಸ್ಪ್ರಿಂಗ್‌ಗೆ ಹಂಚಿದ್ರೆ ಒಂದೊಂದಕ್ಕೆ 1,250. ಒಂದು ಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ ಇಬ್ಬರು ದಢೂತಿ ಹುಡುಗರು ನಿಂತು ತೂಗಿದ ಹಾಗೆ. ಆಕ್ಸಲ್‌ನ ಮೂತಿ ಮೇಲಕ್ಕೆ ಎದ್ದು, ಪ್ಲೇಟು ಇಂಗ್ಲಿಷಿನ ಎಸ್ ಆಕಾರಕ್ಕೆ ತಿರುಚಿಕೊಳ್ಳುತ್ತೆ. ತಿರುಚಿದ ಸ್ಪ್ರಿಂಗ್‌ನಲ್ಲಿ ಶಕ್ತಿ ತುಂಬಿದೆ. ಟೈರ್ ಜಾರಿದ ಕ್ಷಣ ಅದು ಫಟ್ ಅಂತ ಬಿಚ್ಚಿಕೊಳ್ಳುತ್ತೆ. ಬಿಚ್ಚಿಕೊಂಡಾಗ ಟೈರ್ ಮತ್ತೆ ಹಿಡಿಯುತ್ತೆ, ಮತ್ತೆ ತಿರುಚುತ್ತೆ, ಮತ್ತೆ ಜಾರುತ್ತೆ. ಸೆಕೆಂಡಿಗೆ ಹಲವು ಸಲ ಇದು ನಡೆದು ಇಡೀ ಕಾರು ನಡುಗುತ್ತೆ. ಹೀಗೇ ಬಿಟ್ರೆ ಯೂನಿವರ್ಸಲ್ ಜಾಯಿಂಟ್, ಆಕ್ಸಲ್ ಶಾಫ್ಟ್ ಮುರಿಯೋದೂ ಉಂಟು.

ಕಂಪನಿ ಸುಮ್ಮನೆ ಕೂರಲಿಲ್ಲ. 1968ಕ್ಕೆ ಎರಡು ಬದಲಾವಣೆ ಬಂತು. ಹೆಚ್ಚು ಪವರ್ ಇರೋ ಕಾರುಗಳಿಗೆ ಹಲವು ಪ್ಲೇಟಿನ ಸ್ಪ್ರಿಂಗ್ ಕೊಟ್ಟರು. ಜೊತೆಗೆ, ಅಲ್ಲಿತನಕ ಎರಡೂ ಆಕ್ಸಲ್‌ನ ಮುಂದಿದ್ದ ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದನ್ನ ಮುಂದೆ, ಒಂದನ್ನ ಹಿಂದೆ ಇಟ್ಟರು. ಈಗ ಹೌಸಿಂಗ್ ತಿರುಗೋಕೆ ಹೋದ್ರೆ ಒಂದು ಶಾಕ್ ಒತ್ತಿಕೊಳ್ಳಬೇಕು, ಇನ್ನೊಂದು ಎಳೆದುಕೊಳ್ಳಬೇಕು. ಎರಡೂ ಸೇರಿ ಕುಣಿತಕ್ಕೆ ಬ್ರೇಕ್ ಹಾಕುತ್ತವೆ. ಹೊಸ ಲಿಂಕ್ ಇಲ್ಲ, ದೊಡ್ಡ ಖರ್ಚಿಲ್ಲ. ಶಾಕ್ ಇಡೋ ಜಾಗ ಬದಲಾಯಿಸಿದ್ರು ಅಷ್ಟೇ. ನಮ್ಮ ಕ್ಲಾಸ್‌ನಲ್ಲಿ ಹೇಳಿಕೊಡೋ ಎಷ್ಟೋ ಆಪ್ಟಿಮೈಸೇಶನ್‌ಗಿಂತ ಇದು ನನಗೆ ಇಷ್ಟ.

"ಅದು ಲಾರಿ ಟೆಕ್ನಾಲಜಿ ಕಣೋ"

ಗ್ರೂಪ್‌ನಲ್ಲಿ ಒಬ್ಬ ಹೀಗಂದ. ಈ ಮಾತಿಗೆ ಉತ್ತರ ಕೊಡಲೇಬೇಕು.

ಅಮೆರಿಕದ ಟ್ರಾನ್ಸ್-ಆ್ಯಮ್ ರೇಸ್ ಸರಣಿಯಲ್ಲಿ 1968ರಲ್ಲೂ 1969ರಲ್ಲೂ ದೊಡ್ಡ ಎಂಜಿನ್‌ಗಳ ವರ್ಗದ ಚಾಂಪಿಯನ್‌ಶಿಪ್ ಗೆದ್ದದ್ದು ಷೆವರ್ಲೆ. ರೋಜರ್ ಪೆನ್ಸ್ಕೆ ತಂಡದ ಕಮಾರೋ, ಚಾಲಕ ಮಾರ್ಕ್ ಡೊನೊಹ್ಯೂ. 1968ರ 13 ರೇಸ್‌ಗಳಲ್ಲಿ 10 ಅವನೇ ಗೆದ್ದ. ಅದು ನೇರ ರಸ್ತೆಯ ಡ್ರ್ಯಾಗ್ ರೇಸ್ ಅಲ್ಲ, ಎಡಕ್ಕೂ ಬಲಕ್ಕೂ ತಿರುವುಗಳಿರೋ ಟ್ರ್ಯಾಕ್. ಆ ಕಾರಿನ ಹಿಂದೆ ಇದ್ದದ್ದೂ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗೇ. ವ್ಯತ್ಯಾಸ ಇದ್ದದ್ದು ಅದನ್ನ ಎಷ್ಟು ತಾಳ್ಮೆಯಿಂದ ಹದ ಮಾಡಿದ್ರು ಅನ್ನೋದ್ರಲ್ಲಿ.

ಡ್ರ್ಯಾಗ್ ರೇಸ್ ಕಡೆ ನೋಡಿದ್ರೆ ಕ್ರೈಸ್ಲರ್ ಕಂಪನಿಯ ಸೂಪರ್ ಸ್ಟಾಕ್ ಸ್ಪ್ರಿಂಗ್‌ಗಳು ಸಿಗುತ್ತವೆ. ಪ್ರೊಪೆಲರ್ ಶಾಫ್ಟ್‌ನ ಟಾರ್ಕ್ ಇಡೀ ಆಕ್ಸಲನ್ನ ಒಂದು ಪಕ್ಕಕ್ಕೆ ತಿರುಚಿ ಬಲಗಡೆ ಚಕ್ರವನ್ನ ಹಗುರ ಮಾಡುತ್ತೆ. ಅದಕ್ಕೆ ಅವರು ಎಡ ಸ್ಪ್ರಿಂಗ್ ಬೇರೆ, ಬಲ ಸ್ಪ್ರಿಂಗ್ ಬೇರೆ ಮಾಡಿದ್ರು. ಬಲದ್ದು ಹೆಚ್ಚು ಗಟ್ಟಿ. ಸ್ಪ್ರಿಂಗ್‌ನ ಮುಂದಿನ ಭಾಗ ಗಿಡ್ಡ, ಹಿಂದಿನದು ಉದ್ದ. ಗಿಡ್ಡ ಭಾಗ ಸುಲಭವಾಗಿ ಬಾಗಲ್ಲ, ಅದೇ ಒಂದು ಲಿಂಕ್ ಥರ ಕೆಲಸ ಮಾಡುತ್ತೆ. 'ಹಳೇ ಕಬ್ಬಿಣ' ಅಂತ ನಾವು ಮೂಗು ಮುರಿಯೋ ವಸ್ತುವಿನಲ್ಲಿ ಇಷ್ಟು ಯೋಚನೆ ಇದೆ.

ಸ್ಪೋರ್ಟ್ಸ್ ಕಾರ್ ಅಂತ ಎಲ್ಲರೂ ಒಪ್ಪೋ ಕಾರ್ವೆಟ್‌ನಲ್ಲೂ 2019ರ ಮಾಡೆಲ್ ತನಕ ಅಡ್ಡಲಾಗಿ ಕೂತ ಕಾಂಪೊಸಿಟ್ ಲೀಫ್ ಸ್ಪ್ರಿಂಗ್ ಇತ್ತು. ಅಲ್ಲಿ ಅದರದ್ದು ಒಂದನೇ ಕೆಲಸ ಮಾತ್ರ, ಚಕ್ರವನ್ನ ಹಿಡಿಯೋಕೆ ಬೇರೆ ತೋಳುಗಳಿದ್ದವು. ಅಂದ್ರೆ ಪ್ಲೇಟು ಕೆಟ್ಟದ್ದಲ್ಲ. ಅದಕ್ಕೆ ಎಷ್ಟು ಕೆಲಸ ಹೊರಿಸ್ತೀವಿ ಅನ್ನೋದು ಪ್ರಶ್ನೆ.

ಯಾವ ಕೆಲಸಕ್ಕೆ ಯಾವ ಸಾಮಾನು

ಹಾಗಾದ್ರೆ ಕೊಳ್ಳೋದು ಏನು? ಕಾರಿನ ಕೆಲಸ ನೋಡಿ ಮೂರು ಗುಂಪು ಮಾಡ್ತೀನಿ.

ಮೊದಲನೆಯದು ರಸ್ತೆ. ಭಾನುವಾರದ ಸುತ್ತಾಟ, ಕಾರ್ ಶೋ, ಅಪರೂಪಕ್ಕೊಮ್ಮೆ ಜೋರಾಗಿ ಎಕ್ಸಲರೇಟರ್ ಒತ್ತೋದು. ಇದಕ್ಕೆ ಹಲವು ಪ್ಲೇಟಿನ ಹೊಸ ಲೀಫ್ ಸ್ಪ್ರಿಂಗ್, ಹೊಸ ಬುಷ್, ಹೊಸ ಶ್ಯಾಕಲ್, ಕಾರಿಗೆ ಹೊಂದೋ ಗ್ಯಾಸ್ ಶಾಕ್‌ಗಳು ಸಾಕು. 1967ರ ಕಾರಾದ್ರೆ 68ರ ಹಾಗೆ ಶಾಕ್‌ಗಳನ್ನ ಹಿಂದೆ ಮುಂದೆ ಮಾಡಿಕೊಳ್ಳಬಹುದು. 50 ವರ್ಷ ದಾಟಿದ ಕಾರಿನಲ್ಲಿ ಮೂಲ ರಬ್ಬರ್ ಬುಷ್ ಒಣಗಿ ಬಿರುಕು ಬಿಟ್ಟಿರುತ್ತೆ. ಎಷ್ಟೋ ಜನ 'ಲೀಫ್ ಸ್ಪ್ರಿಂಗ್ ಸರಿ ಇಲ್ಲ' ಅಂತ ಬೈಯೋದು ನಿಜವಾಗಿ ಸತ್ತ ಬುಷ್‌ನ ತಪ್ಪಿಗೆ. ಸ್ಪ್ರಿಂಗ್‌ಗೆ ಕೆಲವು ನೂರು ಡಾಲರ್ ಆಗುತ್ತೆ. ಕಾಯಿಲ್‌ಓವರ್ ಸಮೇತ ಪೂರ್ತಿ ಫೋರ್ ಲಿಂಕ್ ಕೆಲವು ಸಾವಿರ ಡಾಲರ್, ವೆಲ್ಡಿಂಗ್ ಕೂಲಿ ಬೇರೆ.

ಎರಡನೆಯದು ಡ್ರ್ಯಾಗ್ ಸ್ಟ್ರಿಪ್. ಇಲ್ಲಿ ಬೇಕಾದದ್ದು ಮೂರನೇ ಕೆಲಸಕ್ಕೆ ಸಹಾಯ. ಸ್ಪ್ರಿಂಗ್ ಕೆಳಗೆ ಉದ್ದ ಪಟ್ಟಿ ಕಟ್ಟಿ, ಅದರ ತುದೀಲಿ ರಬ್ಬರ್ ಗಟ್ಟಿ ಇಡೋ ಸ್ಲ್ಯಾಪರ್ ಬಾರ್ 1970ರ ದಶಕದಲ್ಲಿ ಎಲ್ಲ ಕಡೆ ಕಾಣ್ತಿತ್ತು. ಅದಕ್ಕಿಂತ ಜಾಣ ಉಪಾಯ ಕ್ಯಾಲ್‌ಟ್ರ್ಯಾಕ್ಸ್ ಥರದ ಬಾರ್‌ಗಳು. ಹೌಸಿಂಗ್ ತಿರುಗೋಕೆ ಹೋದಾಗ ಒಂದು ಸರಳು ಮುಂದಕ್ಕೆ ತಳ್ಳುತ್ತೆ, ಸ್ಪ್ರಿಂಗ್‌ನ ಮುಂತುದಿಯಲ್ಲಿರೋ ತಿರುಗುವ ತಟ್ಟೆ ಪ್ಲೇಟನ್ನ ಮೇಲಿಂದ ಒತ್ತುತ್ತೆ, ಪ್ಲೇಟು ತಿರುಚಿಕೊಳ್ಳೋಕೆ ಆಗಲ್ಲ. ಬೋಲ್ಟ್ ಹಾಕೋದು, ಬೇಡ ಅಂದ್ರೆ ಬಿಚ್ಚೋದು. ಇದಕ್ಕೆ ಪೂರ್ವಜನೂ ಇದ್ದಾನೆ: 1965ರ ಶೆಲ್ಬಿ ಜಿಟಿ350 ಮಸ್ಟಾಂಗ್‌ಗೆ ಕ್ಯಾರೊಲ್ ಶೆಲ್ಬಿ ತಂಡ ಲೀಫ್ ಸ್ಪ್ರಿಂಗ್ ಹಾಗೇ ಉಳಿಸಿ, ತಿರುಚು ತಡೆಯೋಕೆ ಟ್ರ್ಯಾಕ್ಷನ್ ಬಾರ್ ಸೇರಿಸಿತ್ತು.

ಮೂರನೆಯದು ತಿರುವುಗಳ ಟ್ರ್ಯಾಕ್. ಇಲ್ಲಿ ಎರಡನೇ ಕೆಲಸ ಮುಖ್ಯ. ಜೋರಾಗಿ ತಿರುಗಿದಾಗ ಲೀಫ್ ಸ್ಪ್ರಿಂಗ್ ಮತ್ತು ಶ್ಯಾಕಲ್ ಅಡ್ಡಕ್ಕೆ ಬಾಗುತ್ತವೆ, ಅಗಲವಾದ ಟೈರ್ ಫೆಂಡರ್‌ಗೆ ಉಜ್ಜುತ್ತೆ. ಆಕ್ಸಲನ್ನ ಅಡ್ಡ ಹಿಡಿಯೋಕೆ ಪ್ಯಾನ್‌ಹಾರ್ಡ್ ಬಾರ್ ಅಥವಾ ವಾಟ್ಸ್ ಲಿಂಕ್ ಬೇಕು. ವಾಟ್ಸ್ ಲಿಂಕ್ ಅಂದ್ರೆ ಜೇಮ್ಸ್ ವಾಟ್ 1784ರಲ್ಲಿ ಸ್ಟೀಮ್ ಎಂಜಿನ್‌ಗಾಗಿ ಪೇಟೆಂಟ್ ಮಾಡಿದ ಅದೇ ಯಂತ್ರರಚನೆ. ಥಿಯರಿ ಆಫ್ ಮೆಷಿನ್ಸ್‌ನಲ್ಲಿ ಪರೀಕ್ಷೆಗೆ ಬರ್ಕೊಂಡು ಮರೆತಿದ್ದೀವಲ್ಲ, ಅದು. ಪ್ಯಾನ್‌ಹಾರ್ಡ್ ಬಾರ್ ಕಮಾನಿನಲ್ಲಿ ಚಲಿಸೋದ್ರಿಂದ ಆಕ್ಸಲ್ ಪಕ್ಕಕ್ಕೆ ಸರಿಯುತ್ತೆ, ಹಾಗಾಗಿ ಅದು ಕೆಳದರ್ಜೆ ಅಂತ ವಾದ ಮಾಡ್ತಾರೆ. ಎಷ್ಟು ಸರಿಯುತ್ತೆ? ಬಾರ್ 1 ಮೀಟರ್ ಉದ್ದ ಇದ್ದು ಸಮತಲವಾಗಿದ್ರೆ, ಚಕ್ರ 50 ಮಿಲಿಮೀಟರ್ ಮೇಲೆದ್ದಾಗ 1.25 ಮಿಲಿಮೀಟರ್. 75 ಎದ್ದಾಗ 2.8. ಪೈಥಾಗೊರಸ್ ಸಾಕು, ಸಾಫ್ಟ್‌ವೇರ್ ಬೇಕಾಗಿಲ್ಲ. ರಸ್ತೆಯ ಕಾರಿಗೆ ಈ ಎರಡು ಮಿಲಿಮೀಟರ್‌ಗೋಸ್ಕರ ವಾಟ್ಸ್ ಲಿಂಕ್ ಹಾಕ್ಸೋದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ.

ಇನ್ನೊಂದು ಎಚ್ಚರಿಕೆ. ಮಸಲ್ ಕಾರ್ ಅಂದ ಮಾತ್ರಕ್ಕೆ ಎಲ್ಲದರ ಹಿಂಭಾಗ ಒಂದೇ ಅಲ್ಲ. 1964ರಿಂದ 72ರ ಷೆವೆಲ್‌ಗೆ ಫ್ಯಾಕ್ಟರಿಯಿಂದಲೇ ಕಾಯಿಲ್ ಸ್ಪ್ರಿಂಗ್ ಮತ್ತು ನಾಲ್ಕು ತೋಳುಗಳು ಇದ್ದವು. ಮೇಲಿನ ಎರಡು ತೋಳು ಓರೆಯಾಗಿ ಡಿಫರೆನ್ಷಿಯಲ್ ಕಡೆ ಕೂಡಿಕೊಳ್ಳೋದ್ರಿಂದ ಪ್ಯಾನ್‌ಹಾರ್ಡ್ ಬಾರ್ ಕೂಡ ಬೇಕಾಗಿಲ್ಲ. ಅಲ್ಲಿ ಅಪ್‌ಗ್ರೇಡ್ ಅಂದ್ರೆ ಗಟ್ಟಿ ತೋಳು, ಒಳ್ಳೇ ಬುಷ್, ಆ್ಯಂಟಿ ರೋಲ್ ಬಾರ್. ಅಲ್ಲೂ ಒಂದು ಹಳ್ಳ ಇದೆ: ಒಂದು ಚಕ್ರ ಮಾತ್ರ ಮೇಲೆದ್ದಾಗ ಆ ತೋಳುಗಳು ತಿರುಚಿಕೊಳ್ಳಲೇಬೇಕು. ಎಲ್ಲ ತುದಿಗೂ ಗಟ್ಟಿ ಪಾಲಿಯುರಿಥೇನ್ ಬುಷ್ ತುರುಕಿದ್ರೆ ಇಡೀ ಆಕ್ಸಲ್ ಬಿಗಿದುಕೊಂಡು ದೊಡ್ಡ ಆ್ಯಂಟಿ ರೋಲ್ ಬಾರ್ ಥರ ಆಗುತ್ತೆ. ಹಾಗಾಗಿ ಒಂದು ತುದಿಗಾದ್ರೂ ಗೋಳಾಕಾರದ ಜಾಯಿಂಟ್ ಬೇಕು. ಷೆವೆಲ್ ಮಾಲೀಕನ ಸಲಹೆ ಕಮಾರೋಗೆ, ಕಮಾರೋ ಮಾಲೀಕನ ಸಲಹೆ ಷೆವೆಲ್‌ಗೆ ನಡೆಯಲ್ಲ.

ಕತ್ತರಿಸಿದ ನೆಲ ಮತ್ತೆ ಕೂಡಲ್ಲ

ನನ್ನ ಮುಖ್ಯ ತಕರಾರು ಇರೋದು ಇಲ್ಲಿ. ಕಮಾರೋಗೆ ಬರೋ ಕೆಲವು ಫೋರ್ ಲಿಂಕ್‌ಗಳು ಲೀಫ್ ಸ್ಪ್ರಿಂಗ್ ಇದ್ದ ಜಾಗಕ್ಕೇ ಬೋಲ್ಟ್ ಆಗುತ್ತವೆ. ಇನ್ನು ಕೆಲವಕ್ಕೆ, ಉದಾಹರಣೆಗೆ ಡೆಟ್ರಾಯಿಟ್ ಸ್ಪೀಡ್‌ನ ಕ್ವಾಡ್ರಾಲಿಂಕ್‌ಗೆ, ಮೇಲಿನ ಲಿಂಕ್‌ಗಳಿಗೆ ಜಾಗ ಮಾಡೋಕೆ ಹಿಂದಿನ ಸೀಟಿನ ಹತ್ತಿರ ನೆಲ ಕತ್ತರಿಸಿ ವೆಲ್ಡ್ ಮಾಡಬೇಕು. ಕೆಲಸ ಬಲ್ಲವರ ಕೈಲಿ ಅದು ಅದ್ಭುತವಾದ ಸಾಮಾನು. ಆದರೆ ಹಿಂಭಾಗದಲ್ಲಿ ಬೇರೆ ಚಾಸಿ ಇಲ್ಲದ ಕಾರು ಇದು ಅನ್ನೋದು ನೆನಪಿರಲಿ. ಆ ತೆಳು ತಗಡಿನ ನೆಲವೂ ಕಾರಿನ ಬೆನ್ನೆಲುಬಿನ ಭಾಗ. ಅದಕ್ಕೆ ಒಳಗೊಳಗೇ ತುಕ್ಕು ಹಿಡಿದಿದ್ರೆ ಹೊಸ ಬ್ರ್ಯಾಕೆಟ್ ಎಷ್ಟು ಗಟ್ಟಿ ಇದ್ರೂ ಪ್ರಯೋಜನ ಇಲ್ಲ.

ಕಾಯಿಲ್‌ಓವರ್ ವಿಷಯಾನೂ ಹಾಗೇ. ಲೀಫ್ ಸ್ಪ್ರಿಂಗ್ ಭಾರವನ್ನ ತನ್ನ ಎರಡು ತುದಿಗಳ ಮೂಲಕ ಬಾಡಿಗೆ ಕೊಡುತ್ತೆ. ಕಾಯಿಲ್‌ಓವರ್ ಹಾಕಿದಾಗ ಆ ಭಾರ ಶಾಕ್‌ನ ಮೇಲಿನ ತುದಿಗೆ ಹೋಗುತ್ತೆ. ಆ ಜಾಗವನ್ನ 1967ರಲ್ಲಿ ಡಿಸೈನ್ ಮಾಡಿದ್ದು ಶಾಕ್ ಹಿಡಿಯೋಕೆ. ಕಾರಿನ ಹಿಂಭಾಗವನ್ನೇ ಹೊರೋಕೆ ಅಲ್ಲ. ಅಲ್ಲಿ ಅಡ್ಡ ತೊಲೆಯೊಂದನ್ನ ಕೂರಿಸದೆ ಕಾಯಿಲ್‌ಓವರ್ ನೇತು ಹಾಕಿದ್ರೆ ತಗಡು ಬಿರುಕು ಬಿಡುತ್ತೆ. ಲೋಡ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಬೆರಳಿಟ್ಟು ತೋರಿಸೋಕೆ ಆಗದೇ ಇದ್ರೆ ಕಿಟ್ ಕೊಳ್ಳಬಾರದು. ಇದು ರುಚಿಯ ಪ್ರಶ್ನೆ ಅಲ್ಲ, ಕಾರಲ್ಲಿ ಕೂತವರ ಜೀವದ ಪ್ರಶ್ನೆ.

ಫೋರ್ ಲಿಂಕ್ ಪರ ವಕಾಲತ್ತು

ಎದುರು ಪಕ್ಷಕ್ಕೂ ನ್ಯಾಯ ಬೇಕಲ್ವಾ? ಫೋರ್ ಲಿಂಕ್ ಮೂರೂ ಕೆಲಸಗಳನ್ನ ಬಿಡಿಸಿ ಕೊಡುತ್ತೆ. ಭಾರ ಕಾಯಿಲ್‌ಗೆ, ತಿರುಚು ಲಿಂಕ್‌ಗೆ, ಅಡ್ಡ ಬಲ ಪ್ಯಾನ್‌ಹಾರ್ಡ್ ಬಾರ್‌ಗೆ. ಒಂದನ್ನ ಮುಟ್ಟದೆ ಇನ್ನೊಂದನ್ನ ಬದಲಾಯಿಸಬಹುದು. ಹಳೇ ಎಂಜಿನ್‌ನ ಎರಡು ಪಟ್ಟು ಪವರ್ ಹಾಕಿದವರಿಗೆ, ಚಕ್ರದ ಗೂಡು ಒಳಕ್ಕೆ ಅಗಲಿಸಿ ದೊಡ್ಡ ಟೈರ್ ತುರುಕೋರಿಗೆ, ಪ್ರತಿ ತಿಂಗಳು ಟ್ರ್ಯಾಕ್‌ಗೆ ಹೋಗೋರಿಗೆ ಅದು ನಿಜಕ್ಕೂ ಬೇಕು. ಷೆವರ್ಲೆ ತಾನೇ 1981ರ ಮಾಡೆಲ್ ತನಕ ಕಮಾರೋದಲ್ಲಿ ಲೀಫ್ ಸ್ಪ್ರಿಂಗ್ ಇಟ್ಟು, 1982ರಲ್ಲಿ ಕಾಯಿಲ್ ಸ್ಪ್ರಿಂಗ್, ಟಾರ್ಕ್ ಆರ್ಮ್, ಪ್ಯಾನ್‌ಹಾರ್ಡ್ ಬಾರ್ ಕಡೆ ಹೋಯಿತು. ಅಂದ್ರೆ ಲೀಫ್ ಸ್ಪ್ರಿಂಗ್‌ಗೂ ಒಂದು ಮಿತಿ ಇದೆ, ಅದನ್ನ ಮಾಡಿದವರೇ ಒಪ್ಪಿದ್ದಾರೆ.

ನನ್ನ ವಾದ ಇಷ್ಟೇ: ಆ ಮಿತಿ ನಿಮ್ಮ ಕಾರಿಗೆ ನಿಜವಾಗಿ ತಗುಲಿದೆಯಾ ಅಂತ ಮೊದಲು ನೋಡಿ. ಹೊಂದಿಸೋಕೆ ಹತ್ತು ರಂಧ್ರ ಇರೋ ಲಿಂಕ್ ಕೊಂಡು, ಯಾವ ರಂಧ್ರ ಯಾಕೆ ಅಂತ ತಿಳಿಯದೆ ಇದ್ರೆ, ಅದು ಹೊಂದಿಸಲಾಗದ ಲೀಫ್ ಸ್ಪ್ರಿಂಗ್‌ಗಿಂತ ಕೆಟ್ಟದಾಗಿ ಓಡುತ್ತೆ.

ಖರ್ಚಿನ ಕ್ರಮ ನನ್ನ ಪ್ರಕಾರ ಹೀಗಿರಬೇಕು. ಮೊದಲು ತುಕ್ಕು ಪರೀಕ್ಷೆ. ಆಮೇಲೆ ಟೈರ್. ಆಮೇಲೆ ಬುಷ್, ಶಾಕ್. ಆಮೇಲೆ ಸ್ಪ್ರಿಂಗ್. ಆಮೇಲೆ ಬೋಲ್ಟ್ ಹಾಕೋ ಬಾರ್‌ಗಳು. ಒಂದೊಂದು ಹಂತಕ್ಕೂ ಕಾರು ಓಡಿಸಿ ನೋಡಿ. ಇಷ್ಟಾದ ಮೇಲೂ ಸಮಸ್ಯೆ ಉಳಿದಿದ್ರೆ ಫೋರ್ ಲಿಂಕ್ ಬಗ್ಗೆ ಮಾತಾಡಿ. ಮಾರೋರನ್ನ ಕೇಳಬೇಕಾದ ಪ್ರಶ್ನೆಗಳೂ ಕಮ್ಮಿ: ಸ್ಪ್ರಿಂಗ್ ರೇಟ್ ಎಷ್ಟು? ಕಾರು ಎಷ್ಟು ಇಂಚು ತಗ್ಗುತ್ತೆ? ಕತ್ತರಿಸಬೇಕಾ? ವಾಪಸ್ ಮೂಲ ಸ್ಥಿತಿಗೆ ತರೋಕೆ ಆಗುತ್ತಾ? 'ಸ್ಟೇಜ್ 2' ಅನ್ನೋದು ಉತ್ತರ ಅಲ್ಲ. ರೇಟ್ ಗೊತ್ತಾದ್ರೆ ಮಿಕ್ಕಿದ್ದು ನಾವೇ ಲೆಕ್ಕ ಹಾಕ್ತೀವಿ. ಒಂದು ಚಕ್ರದ ಮೇಲೆ 300 ಕೆಜಿ, ಸ್ಪ್ರಿಂಗ್ ಮಿಲಿಮೀಟರಿಗೆ 30 ನ್ಯೂಟನ್ ಅಂದ್ರೆ ಸಹಜ ಕಂಪನ ಸುಮಾರು 1.6 ಹರ್ಟ್ಜ್, ರಸ್ತೆಗೆ ಸ್ವಲ್ಪ ಬಿಗಿ, ಆದರೆ ಸಹಿಸಬಹುದು. ಅದೇ ಕಾರಿಗೆ ನಾಲ್ಕು ಪಟ್ಟು ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಕಂಪನ ಎರಡು ಪಟ್ಟು, 3.2. ಆಗ ಹಂಪ್ ಬಂದಾಗೆಲ್ಲ ಬೆನ್ನುಮೂಳೆ ಲೆಕ್ಕ ಹೇಳುತ್ತೆ.

ಕಮಾರೋ ಇಲ್ಲದ ನಮಗೆ ಇದೆಲ್ಲ ಯಾಕೆ?

ಯಾಕಂದ್ರೆ ನಾವೂ ಇದನ್ನೇ ಮಾಡ್ತೀವಿ. ಬಾಹಾ ಟೀಮ್ ಮೀಟಿಂಗ್‌ನಲ್ಲಿ ಮೊದಲ ದಿನವೇ 'ಡಬಲ್ ವಿಶ್‌ಬೋನ್' ಅಂತ ಬೋರ್ಡ್ ಮೇಲೆ ಬರೆದುಬಿಡ್ತೀವಿ. ಗಾಡಿ ಎಂಥ ನೆಲದ ಮೇಲೆ ಓಡುತ್ತೆ, ಚಕ್ರ ಎಷ್ಟು ಮೇಲೆ ಕೆಳಗೆ ಹೋಗಬೇಕು ಅನ್ನೋ ಪ್ರಶ್ನೆ ಎರಡು ತಿಂಗಳು ಬಿಟ್ಟು, ರಿಪೋರ್ಟ್ ಬರೆಯೋವಾಗ ನೆನಪಾಗುತ್ತೆ. ಆಗ ಉತ್ತರಕ್ಕೆ ತಕ್ಕ ಪ್ರಶ್ನೆ ಹುಡುಕ್ತೀವಿ. ಜಡ್ಜ್ 'ಯಾಕೆ?' ಅಂದ್ರೆ ಮುಖ ಮುಖ ನೋಡ್ಕೊಳ್ತೀವಿ.

ಎಂಜಿನಿಯರ್ ಅನ್ನಿಸಿಕೊಳ್ಳೋನು ದುಬಾರಿ ಸಾಮಾನು ಆರಿಸಿದ್ರೆ ಸಾಲದು, ಯಾಕೆ ಆರಿಸಿದೆ ಅಂತ ಹೇಳಬೇಕು. ಏನೂ ಬದಲಾಯಿಸದೆ ಬಿಟ್ರೂ ಯಾಕೆ ಬಿಟ್ಟೆ ಅಂತ ಹೇಳಬೇಕು. 1968ರಲ್ಲಿ ಒಂದು ಶಾಕ್ ಅಬ್ಸಾರ್ಬರನ್ನ ಆಕ್ಸಲ್‌ನ ಆ ಕಡೆಗೆ ಸರಿಸಿದ ಎಂಜಿನಿಯರ್‌ಗೆ ಆ ಉತ್ತರ ಗೊತ್ತಿತ್ತು. ನಿಮ್ಮ ಮುಂದಿನ ಪ್ರಾಜೆಕ್ಟ್‌ನಲ್ಲಿ ಕ್ಯಾಟಲಾಗ್ ತೆರೆಯೋ ಮುಂಚೆ 'ಈ ಗಾಡಿ ಏನು ಮಾಡಬೇಕು?' ಅಂತ ಒಂದೇ ಒಂದು ಸಾಲು ಬರೆದಿಡಿ. ಆ ಸಾಲು ಬರೆಯೋಕೆ ಆಗದೇ ಇದ್ರೆ, ದಯವಿಟ್ಟು ಗ್ರೈಂಡರ್ ಆನ್ ಮಾಡಬೇಡಿ.